ಒಂದೊಂದಾಗಿ ಸೇರಿಸಿದ ಔಷಧಿ: ಕೂದಲು ಉದುರುವಿಕೆಗೆ ನಾನು ಪಡೆದ ಚಿಕಿತ್ಸೆ

2021ರ ಡಿಸೆಂಬರ್‌ನಲ್ಲಿ ನಾನು ಆರು ಔಷಧಿಗಳನ್ನು ಒಂದೇ ದಿನ ಶುರು ಮಾಡಿದೆ. ತಲೆಗೆ ಹಚ್ಚುವ ದ್ರಾವಣ ಒಂದು, ನುಂಗುವ ಮಾತ್ರೆ ಮೂರು, ಶಾಂಪೂ ಒಂದು, ಎಣ್ಣೆಯಂತಿದ್ದ ಸೀರಮ್ ಒಂದು. ಕೂದಲು ಬೆಳೆಸಿಕೊಡುತ್ತೇವೆಂದು ಜಾಹೀರಾತು ಹಾಕಿದ್ದ ಕೇಂದ್ರವೊಂದರಲ್ಲಿ ಇವೆಲ್ಲವನ್ನೂ ಬಣ್ಣದ ಚೀಲಕ್ಕೆ ತುಂಬಿ, ಮೂರು ತಿಂಗಳ ಹಣವನ್ನು ಮೊದಲೇ ಕಟ್ಟಿಸಿಕೊಂಡು ಕಳಿಸಿದ್ದರು. ಮೂರನೇ ವಾರಕ್ಕೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ನೆತ್ತಿ ಕೆಂಪಾಗಿ ಕೆರೆತ ಹಿಡಿಯಿತು. ರಾತ್ರಿ ಮಲಗಿದರೆ ಎದೆ ಹೊಡೆದುಕೊಳ್ಳುವುದು ಕಿವಿಗೆ ಕೇಳಿಸುತ್ತಿತ್ತು. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಕಾಲಿಗೆ ಬಿಗಿಯುತ್ತಿತ್ತು. ಯಾವುದರಿಂದ ಏನಾಗುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಫೆಬ್ರುವರಿಯಲ್ಲಿ ಹೆದರಿ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿಬಿಟ್ಟೆ.

ನನ್ನದು ಕಾರಟಗಿಯಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಸೀಮೆ ನಮ್ಮದು. ಪ್ರತಿ ಹಂಗಾಮಿನಲ್ಲಿಯೂ ಯಾರಾದರೊಬ್ಬ ರೈತ ಸುಟ್ಟ ಗರಿಗಳನ್ನು ಹಿಡಿದು ಅಂಗಡಿಗೆ ಬರುತ್ತಾನೆ. ಬೆಂಕಿ ರೋಗದ ಔಷಧಿ, ಜಿಗಿಹುಳುವಿನ ಔಷಧಿ, ಜಿಂಕ್, ಅದರ ಮೇಲೆ ಪಕ್ಕದ ಹೊಲದವರು ಹೇಳಿದ ಟಾನಿಕ್, ನಾಲ್ಕನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಡೆದಿರುತ್ತಾನೆ. ಯಾವುದರಿಂದ ಸುಟ್ಟಿತು ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಡಲು ಯಾರಿಂದಲೂ ಆಗುವುದಿಲ್ಲ. ಒಂದನ್ನು ಹೊಡೆದು, ನಾಲ್ಕು ದಿನ ಬಿಟ್ಟು ನೋಡಿ, ಆಮೇಲೆ ಇನ್ನೊಂದನ್ನು ಹೊಡೆಯಿರಿ ಎಂದು ಹತ್ತು ವರ್ಷಗಳಿಂದ ರೈತರಿಗೆ ಹೇಳುತ್ತ ಬಂದಿದ್ದೇನೆ. ನನ್ನ ತಲೆಯ ವಿಷಯದಲ್ಲಿ ಆ ಮಾತು ನನಗೆ ನೆನಪಾಗಲಿಲ್ಲ. ಅದಕ್ಕೆ ಕಾರಣ ಅವಸರ, ಅವಸರದ ಹಿಂದೆ ನಾಚಿಕೆ.

ಇಪ್ಪತ್ತೇಳನೆಯ ವಯಸ್ಸಿನಿಂದಲೇ ನನ್ನ ಹಣೆಯ ಎರಡೂ ಮೂಲೆಗಳು ಹಿಂದಕ್ಕೆ ಸರಿಯುತ್ತಿದ್ದವು. ಅಪ್ಪನಿಗೂ ಸೋದರಮಾವನಿಗೂ ಬೋಳುತಲೆ ಇದ್ದುದರಿಂದ ಅದನ್ನು ಒಪ್ಪಿಕೊಂಡಿದ್ದೆ. 2021ರ ಸೆಪ್ಟೆಂಬರ್‌ನಲ್ಲಿ ಟೈಫಾಯ್ಡ್ ಬಂದು ಹದಿನೆಂಟು ದಿನ ಮಲಗಿದೆ. ಅದಾದ ಎರಡೂವರೆ ತಿಂಗಳಿಗೆ ಇಡೀ ತಲೆಯಿಂದ ಕೂದಲು ಉದುರತೊಡಗಿತು. ಮೂವತ್ತೊಂದನೆಯ ವಯಸ್ಸಿಗೆ ಪೂರ್ತಿ ಬೋಳಾಗುತ್ತೇನೆ ಎಂಬ ಭಯದಲ್ಲಿ ಆ ಕೇಂದ್ರದ ಬಾಗಿಲು ತಟ್ಟಿದ್ದೆ.

ಎಲ್ಲವನ್ನೂ ನಿಲ್ಲಿಸಿ ಆರು ತಿಂಗಳು ಸುಮ್ಮನಿದ್ದೆ. 2022ರ ಆಗಸ್ಟ್‌ನಲ್ಲಿ ಬಳ್ಳಾರಿಯಲ್ಲಿ ಚರ್ಮರೋಗ ತಜ್ಞೆಯೊಬ್ಬರನ್ನು ಕಂಡೆ. ಉಳಿದ ಮಾತ್ರೆಯ ಹಾಳೆಗಳನ್ನೂ ಬಾಟಲಿಗಳನ್ನೂ ಚೀಲದ ಸಮೇತ ಒಯ್ದಿದ್ದೆ. ಡಾಕ್ಟರಮ್ಮ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಯಾವುದನ್ನು ಯಾವತ್ತು ಶುರು ಮಾಡಿದಿರಿ?” ಎಲ್ಲವನ್ನೂ ಒಂದೇ ದಿನ ಎಂದೆ. ಅವರು ಪೆನ್ನನ್ನು ಕೆಳಗಿಟ್ಟು, ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದರ ಹಿಂದೆಯೂ ಸಣ್ಣ ಅಕ್ಷರದಲ್ಲಿದ್ದ ಹೆಸರನ್ನು ನನ್ನಿಂದಲೇ ಓದಿಸಿದರು. ಬಾಟಲಿಯಲ್ಲಿ ಇದ್ದುದು ಮಿನಾಕ್ಸಿಡಿಲ್ 5%. ಒಂದು ಮಾತ್ರೆಯೂ ಮಿನಾಕ್ಸಿಡಿಲ್, 5 ಮಿಲಿಗ್ರಾಂ. ಇನ್ನೊಂದು ಫಿನಾಸ್ಟರೈಡ್ 1 ಮಿಲಿಗ್ರಾಂ. ಮೂರನೆಯದು ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್. ಒಂದೇ ಔಷಧಿಯನ್ನು ತಲೆಗೂ ಹಚ್ಚಿ ಹೊಟ್ಟೆಗೂ ತೆಗೆದುಕೊಳ್ಳುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಆಗ.

ಎದೆಬಡಿತಕ್ಕೂ ಕಾಲು ಊದಿದ್ದಕ್ಕೂ ಅಲ್ಲಿಯೇ ಕಾರಣ ಸಿಕ್ಕಿತು. ಮಿನಾಕ್ಸಿಡಿಲ್ ಹುಟ್ಟಿದ್ದು ರಕ್ತದೊತ್ತಡದ ಮಾತ್ರೆಯಾಗಿ. ಅಮೆರಿಕದಲ್ಲಿ 1979ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದು ರಕ್ತನಾಳಗಳನ್ನು ಸಡಿಲಿಸುತ್ತದೆ, ಆಗ ಹೃದಯ ಜೋರಾಗಿ ಬಡಿಯುತ್ತದೆ, ದೇಹ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆಗೆದುಕೊಂಡ ರೋಗಿಗಳಿಗೆ ಮೈಮೇಲೆಲ್ಲ ಕೂದಲು ಬೆಳೆಯುವುದನ್ನು ಕಂಡ ಮೇಲೆ ಅದನ್ನು ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ 2% ದ್ರಾವಣಕ್ಕೆ ಒಪ್ಪಿಗೆ ಬಂತು. ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯನ್ನು ಈಗ ಅನೇಕ ಚರ್ಮವೈದ್ಯರು ಕೂದಲಿಗೆ ಬರೆಯುತ್ತಾರೆ, ಅದು ತಪ್ಪಲ್ಲ. ಆದರೆ ರಕ್ತದೊತ್ತಡ ಅಳೆಯದೆ, ಹೃದಯದ ಬಗ್ಗೆ ಕೇಳದೆ, ದ್ರಾವಣದ ಜೊತೆಗೆ ಪೂರ್ತಿ 5 ಮಿಲಿಗ್ರಾಂ ಮಾತ್ರೆಯಿಂದ ಶುರು ಮಾಡಿಸಿದ್ದು ಸರಿಯಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ನನಗೆ ಕೋಪ ಬಂದದ್ದು ಹಣಕ್ಕಲ್ಲ. ಮನೆಯಲ್ಲಿ ಹೆಂಡತಿ ಐದು ತಿಂಗಳ ಬಸುರಿ, ಚೀಲದಲ್ಲಿ ಏನಿದೆ ಎಂದು ಆ ಕೇಂದ್ರದಲ್ಲಿ ಒಬ್ಬರೂ ಹೇಳಿರಲಿಲ್ಲ.

ಡಾಕ್ಟರಮ್ಮ ಮಸೂರದ ಸಾಧನವನ್ನು ತಲೆಗೆ ಹಿಡಿದು ನೋಡಿದರು, ಅದರ ಚಿತ್ರವನ್ನು ನನಗೂ ತೋರಿಸಿದರು. ಕಿವಿಯ ಮೇಲಿನ ಕೂದಲುಗಳೆಲ್ಲ ಒಂದೇ ದಪ್ಪ ಇದ್ದವು. ನೆತ್ತಿಯಲ್ಲಿ ಒಂದು ದಪ್ಪ, ಪಕ್ಕದ್ದು ಎಳೆ, ಅದರ ಪಕ್ಕದ್ದು ನೂಲಿಗಿಂತ ಸಣ್ಣ. ಆನುವಂಶಿಕ ಬೋಳುತನದ ಗುರುತೇ ಅದು. ಹ್ಯಾಮಿಲ್ಟನ್ ಎಂಬ ಸಂಶೋಧಕರು 1951ರಲ್ಲಿ ಮಾಡಿದ, ನಾರ್‌ವುಡ್ ಎಂಬ ವೈದ್ಯರು 1975ರಲ್ಲಿ ತಿದ್ದಿದ, ಬೋಳುತನವನ್ನು ಅಳೆಯುವ ಏಳು ಹಂತಗಳ ಅಳತೆಯಲ್ಲಿ ನನ್ನದು ಮೂರನೆಯದು, ನೆತ್ತಿಯೂ ತೆಳುವಾದ ಬಗೆ. ಟೈಫಾಯ್ಡ್ ನಂತರ ಉದುರಿದ್ದು ಬೇರೆ ಲೆಕ್ಕ. ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಇಡೀ ತಲೆಯಿಂದ ಕೂದಲು ಉದುರುತ್ತದೆ, ಕೆಲವು ತಿಂಗಳಲ್ಲಿ ತಾನಾಗಿಯೇ ಮರಳುತ್ತದೆ. ನಾನು ಚೀಲ ಹಿಡಿದುಕೊಂಡು ಬಂದದ್ದು ಆ ತಾನಾಗಿಯೇ ಸರಿಹೋಗುವ ಉದುರುವಿಕೆಗೆ ಹೆದರಿ. ಎರಡೂ ಒಂದರ ಮೇಲೊಂದು ಬಂದದ್ದರಿಂದ ನನಗೆ ಬೇರೆ ಮಾಡಿ ನೋಡಲು ಆಗಿರಲಿಲ್ಲ. ಹಿಮೋಗ್ಲೋಬಿನ್, ದೇಹದಲ್ಲಿನ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್, ಡಿ ವಿಟಮಿನ್ ಪರೀಕ್ಷೆ ಬರೆದರು. ರಕ್ತ ಕೊಡುವ ಮೊದಲು ಕೆಲವು ದಿನ ಬಯೋಟಿನ್ ತೆಗೆದುಕೊಳ್ಳಬೇಡಿ, ಅದು ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೇ ತಪ್ಪಿಸುತ್ತದೆ ಎಂದರು. ದೇಹದಲ್ಲಿ ಕೊರತೆ ಇಲ್ಲದವರ ಕೂದಲಿಗೆ ಅದು ಏನೂ ಮಾಡುವುದಿಲ್ಲವಂತೆ. ಬಯೋಟಿನ್ ಅಂದೇ ಹೋಯಿತು, ಸೀರಮ್ಮೂ ಹೋಯಿತು.

ಉಳಿದ ಎರಡು ಔಷಧಿಗಳನ್ನು ಒಟ್ಟಿಗೆ ಕೊಡುವುದಕ್ಕೆ ನಿಜವಾದ ಕಾರಣವಿದೆ. ಅವು ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನನ್ನು ನಮ್ಮ ದೇಹದ ಒಂದು ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಬಲವಾದ ಹಾರ್ಮೋನಾಗಿ ಬದಲಿಸುತ್ತದೆ. ಹುಟ್ಟಿನಿಂದ ಆ ಗುಣ ಪಡೆದ ನೆತ್ತಿಯ ಮತ್ತು ಹಣೆಯ ಕೂದಲ ಬುಡಗಳು ಡಿಎಚ್‌ಟಿಯಿಂದ ವರ್ಷ ವರ್ಷವೂ ಸಣ್ಣದಾಗುತ್ತ ಹೋಗುತ್ತವೆ, ಕೂದಲು ಬೆಳೆಯುವ ಕಾಲ ಕಡಿಮೆಯಾಗುತ್ತದೆ. ಫಿನಾಸ್ಟರೈಡ್ ಆ ಕಿಣ್ವವನ್ನು ತಡೆದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು 70%ರಷ್ಟು ಇಳಿಸುತ್ತದೆ. ಮಿನಾಕ್ಸಿಡಿಲ್‌ಗೆ ಹಾರ್ಮೋನಿನ ಗೊಡವೆಯೇ ಇಲ್ಲ, ಅದು ಬುಡವನ್ನು ಹೆಚ್ಚು ಕಾಲ ಬೆಳೆಯುವ ಹಂತದಲ್ಲಿ ಇಡುತ್ತದೆ. ನಾನು ಇದನ್ನು ಹೊಲದ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ: ಒಂದು ರೋಗ ತಡೆಯುವ ಔಷಧಿ, ಇನ್ನೊಂದು ಗೊಬ್ಬರ. ರೋಗ ಹಿಡಿದ ಪೈರಿಗೆ ಗೊಬ್ಬರವನ್ನಷ್ಟೇ ಸುರಿದರೆ ಎಷ್ಟು ದಿನ ನಿಂತೀತು? ನಮ್ಮ ದೇಶದಲ್ಲಿಯೇ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರು ಪುರುಷರನ್ನು ನಾಲ್ಕು ಗುಂಪು ಮಾಡಿ ಒಂದು ವರ್ಷ ನೋಡಿದ್ದರು. ಫಿನಾಸ್ಟರೈಡ್ ಮಾತ್ರೆ ಮತ್ತು ಮಿನಾಕ್ಸಿಡಿಲ್ ದ್ರಾವಣ ಎರಡನ್ನೂ ಪಡೆದವರಿಗೆ ಎಲ್ಲರಿಗಿಂತ ಒಳ್ಳೆಯ ಫಲ ಬಂದಿತ್ತು. ಮಿನಾಕ್ಸಿಡಿಲ್ ಒಂದನ್ನೇ ಹಚ್ಚಿದವರು ಕೊನೆಯಲ್ಲಿದ್ದರು.

ಆದರೂ ಡಾಕ್ಟರಮ್ಮ ಅಂದು ಎರಡನ್ನೂ ಬರೆಯಲಿಲ್ಲ. ನನ್ನ ಹೆಂಡತಿ ಬಸುರಿ ಎಂದು ತಿಳಿದ ಮೇಲೆ ಫಿನಾಸ್ಟರೈಡನ್ನು ಹೆರಿಗೆಯ ನಂತರಕ್ಕೆ ತಳ್ಳಿದರು. ಆ ಔಷಧಿ ಬಸುರಿಯ ಮೈಸೇರಿದರೆ ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ಅಪಾಯ. ಮೇಲಿನ ಲೇಪವಿರುವ ಇಡೀ ಮಾತ್ರೆಯನ್ನು ಮುಟ್ಟಿದರೆ ತೊಂದರೆಯಿಲ್ಲ, ಮುರಿದದ್ದನ್ನು ಪುಡಿಯಾದದ್ದನ್ನು ಬಸುರಿ ಮುಟ್ಟಬಾರದು. ಆಗ ನನ್ನ ಎದೆ ಧಸಕ್ಕೆಂದಿತು. ಅಪ್ಪನಿಗೆ ಪ್ರಾಸ್ಟೇಟ್ ತೊಂದರೆಯಿದೆ, ನಾಲ್ಕು ವರ್ಷಗಳಿಂದ ಅವರು ನುಂಗುವುದೂ ಫಿನಾಸ್ಟರೈಡೇ, 5 ಮಿಲಿಗ್ರಾಂ. ಪ್ರಾಸ್ಟೇಟ್‌ಗೆಂದು 1992ರಲ್ಲಿ ಬಂದ ಔಷಧಿಯನ್ನೇ 1997ರಲ್ಲಿ ಕೂದಲಿಗೆಂದು 1 ಮಿಲಿಗ್ರಾಂ ಮಾಡಿ ಒಪ್ಪಿಗೆ ಪಡೆದದ್ದು. ಅಪ್ಪನ ಮಾತ್ರೆಯನ್ನೇ ನಾಲ್ಕು ಚೂರು ಮಾಡಿ ತೆಗೆದುಕೊಂಡರೆ ದುಡ್ಡು ಉಳಿಯುತ್ತದಲ್ಲ ಎಂದು ನಾನು ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದ್ದೆ. ಹಾಗೆ ಮಾಡಿದ್ದರೆ ಅಡುಗೆಮನೆಯ ಕಟ್ಟೆಯ ಮೇಲೆ, ಹೆಂಡತಿ ತರಕಾರಿ ಹೆಚ್ಚುವ ಜಾಗದಲ್ಲಿಯೇ, ಅದನ್ನು ಕತ್ತರಿಸುತ್ತಿದ್ದೆ.

ಅಪ್ಪನ ವಿಷಯ ಬಂದದ್ದರಿಂದ ಇನ್ನೊಂದು ಮಾತೂ ತಿಳಿಯಿತು. ಫಿನಾಸ್ಟರೈಡ್ ತೆಗೆದುಕೊಳ್ಳುವವರ ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕಲು ಮಾಡುವ ಪರೀಕ್ಷೆ ಅದು. ಈ ಮಾತ್ರೆ ನುಂಗುತ್ತಿದ್ದೇನೆ ಎಂದು ಪರೀಕ್ಷೆಗೆ ಬರೆಯುವ ವೈದ್ಯರಿಗೆ ಹೇಳಲೇಬೇಕು. ಕೂದಲಿನ ಮಾತ್ರೆ ತಾನೇ ಎಂದು ಮುಚ್ಚಿಡುವಂತಿಲ್ಲ.

ಹೀಗೆ ಆಗಸ್ಟ್ 22ರಂದು ಒಂದೇ ಔಷಧಿಯಿಂದ ಶುರು ಮಾಡಿದೆ. ಮಿನಾಕ್ಸಿಡಿಲ್ 5% ದ್ರಾವಣ, ಬೆಳಿಗ್ಗೆ 1 ಮಿಲಿಲೀಟರ್, ರಾತ್ರಿ 1 ಮಿಲಿಲೀಟರ್. 60 ಮಿಲಿಲೀಟರ್ ಬಾಟಲಿ ಸರಿಯಾಗಿ ಒಂದು ತಿಂಗಳು ಬರಬೇಕು. ನಲವತ್ತು ದಿನ ಬಂದರೆ ನೀವು ಕಡಿಮೆ ಹಚ್ಚುತ್ತಿದ್ದೀರಿ ಎಂದರ್ಥ. ಮೊದಲ ಚೀಲದ ಕಾಲದಲ್ಲಿ ನಾನು ಕೂದಲಿಗೇ ಸವರುತ್ತಿದ್ದೆ. ಈಗ ಕನ್ನಡಿಯ ಮುಂದೆ ನಿಂತು, ಬಾಚಣಿಗೆಯ ಬಾಲದಿಂದ ನೆತ್ತಿಯ ಮೇಲೆ ಐದು ಬೈತಲೆ ತೆಗೆದು, ಒಂದೊಂದು ಬೈತಲೆಯ ಚರ್ಮಕ್ಕೂ ಡ್ರಾಪರಿನಿಂದ ಹನಿ ಬಿಟ್ಟು ಬೆರಳಿನಿಂದ ಹರಡುತ್ತೇನೆ. ಸಾಲು ಬಿಟ್ಟು ನಾಟಿ ಮಾಡಿದ ಗದ್ದೆಗೆ ಗೊಬ್ಬರ ಹಾಕಿದ ಹಾಗೆ. ತಲೆ ಒಣಗಿರಬೇಕು. ಹಚ್ಚಿದ ಮೇಲೆ ನಾಲ್ಕು ಗಂಟೆ ನೀರು ತಾಗಿಸಬಾರದು. ಕೈಯನ್ನು ಸೋಪಿನಿಂದ ತೊಳೆಯಬೇಕು, ಇಲ್ಲದಿದ್ದರೆ ಬೇಡದ ಕಡೆ ಕೂದಲು ಬರುತ್ತದೆ. ಮನೆಯಲ್ಲಿ ಬೆಕ್ಕು ಇರುವವರು ಇನ್ನೂ ಎಚ್ಚರ ವಹಿಸಬೇಕು. ಇದು ಬೆಕ್ಕಿಗೆ ಪ್ರಾಣಾಂತಿಕ ವಿಷ. ಒದ್ದೆ ದಿಂಬನ್ನು ನೆಕ್ಕಿದರೂ ಅಪಾಯ. ನಮ್ಮ ಗೋದಾಮಿನಲ್ಲಿ ಇಲಿಗೆಂದು ಸಾಕಿದ ಬೆಕ್ಕಿದೆ. ಬಾಟಲಿಯನ್ನು ನಾನು ಅಂಗಡಿಗೆ ಒಯ್ಯುವುದೇ ಇಲ್ಲ.

ಅವ್ವ ಪ್ರತಿ ಭಾನುವಾರ ಗರಗದ ಸೊಪ್ಪಿನ ಎಣ್ಣೆ ಕಾಯಿಸಿ ತಲೆಗೆ ತಟ್ಟುತ್ತಿದ್ದಳು. “ಇದನ್ನೂ ಬಿಡು ಎಂದರೇನಪ್ಪ ನಿನ್ನ ಡಾಕ್ಟರು?” ಎಂದು ಕೇಳಿದಳು. ಅವರು ಬಿಡಿಸಲಿಲ್ಲ. ಔಷಧಿಯನ್ನು ಎಣ್ಣೆಯ ತಲೆಗೆ ಹಚ್ಚಬೇಡಿ, ಅಂದು ಎಣ್ಣೆ ತೊಳೆದು ಒಣಗಿದ ಮೇಲೆ ಹಚ್ಚಿ ಎಂದರು. ಭಾನುವಾರದ ಬೆಳಗಿನ ಸರತಿ ಮಧ್ಯಾಹ್ನಕ್ಕೆ ಹೋಯಿತು, ಅಷ್ಟೇ. ಆ ಎಣ್ಣೆಯಿಂದ ಕೂದಲು ಹುಟ್ಟುತ್ತದೆ ಎಂದು ನಾನು ನಂಬುವುದಿಲ್ಲ. ಅವ್ವನ ಕೈ ತಲೆಯ ಮೇಲೆ ಬೀಳುವುದು ನನಗೆ ಬೇಕು.

ಎಣಿಕೆಗೆ ಒಂದು ಕ್ರಮ ಕಟ್ಟಿಕೊಂಡೆ. ತಿಂಗಳ ಮೊದಲ ಮೂರು ದಿನ, ತಲೆಸ್ನಾನಕ್ಕೆ ಮುಂಚೆ, ಬಿಳಿ ಪಂಚೆಯ ಮೇಲೆ ತಲೆ ಬಗ್ಗಿಸಿ ಗಡಿಯಾರ ನೋಡಿಕೊಂಡು ಅರವತ್ತು ಸೆಕೆಂಡ್ ಬಾಚುವುದು, ಬಿದ್ದದ್ದನ್ನು ಎಣಿಸುವುದು. ಆಗಸ್ಟ್‌ನ ಸರಾಸರಿ 26. ಐದನೇ ವಾರಕ್ಕೆ 61. ಮಿನಾಕ್ಸಿಡಿಲ್ ಶುರು ಮಾಡಿದ ಎರಡರಿಂದ ಎಂಟು ವಾರದೊಳಗೆ ಹೀಗೆ ಉದುರುತ್ತದೆ, ಹಳೆಯ ಕೂದಲನ್ನು ತಳ್ಳಿ ಹೊಸದು ಬೆಳೆಯಲು ಶುರುವಾಗುವ ಕಾಲ ಅದು, ಹೆದರಿ ನಿಲ್ಲಿಸಬೇಡಿ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಹಿಂದಿನ ಸಲ ನಾನು ಕಂಗಾಲಾಗಿದ್ದು ಇದೇ ಉದುರುವಿಕೆಗೆ, ಜ್ವರದ ಉದುರುವಿಕೆಯೂ ಅದಕ್ಕೆ ಕೂಡಿತ್ತು. ಈ ಸಲ ಎದೆ ಹೊಡೆದುಕೊಳ್ಳಲಿಲ್ಲ, ಕಾಲು ಊದಲಿಲ್ಲ. ಒಂದೇ ಔಷಧಿ ಇದ್ದುದರಿಂದ ಧೈರ್ಯವಾಗಿ ಕಾದೆ. ನವೆಂಬರ್‌ಗೆ ಎಣಿಕೆ 22ಕ್ಕೆ ಇಳಿಯಿತು.

ಕೆರೆತ ಮಾತ್ರ ಮರಳಿ ಬಂತು. ದ್ರಾವಣದಲ್ಲಿ ಔಷಧಿಯನ್ನು ಕರಗಿಸಲು ಹಾಕುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅದಿಲ್ಲದ ನೊರೆಯ ರೂಪ ಸಿಗುತ್ತದೆ, ಅದಕ್ಕೆ ಬದಲಾಯಿಸಿದರು. ಹತ್ತು ದಿನದಲ್ಲಿ ಕೆರೆತ ನಿಂತಿತು. ಬೇರೆ ಯಾವುದೂ ಬದಲಾಗಿರಲಿಲ್ಲವಾದ್ದರಿಂದ ಅದೇ ಕಾರಣ ಎಂದು ನಿಶ್ಚಯವಾಯಿತು. ನೊರೆಯ ಕಷ್ಟ ಗೊತ್ತಾದದ್ದು ಏಪ್ರಿಲ್‌ನಲ್ಲಿ. ನಮ್ಮ ಬಿಸಿಲಿಗೆ ಬೆರಳ ಮೇಲೆ ಒತ್ತಿದ ನೊರೆ ತಲೆ ಮುಟ್ಟುವ ಮೊದಲೇ ನೀರಾಗಿ ಇಳಿಯುತ್ತಿತ್ತು. ಗಡಿಗೆಯ ತಣ್ಣೀರಿನಲ್ಲಿ ಕೈ ಅದ್ದಿ, ಒರೆಸಿಕೊಂಡು, ನೊರೆಯನ್ನು ನೇರ ತಟ್ಟೆಯ ಮೇಲೆ ಒತ್ತಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ತೆಗೆದು ಹಚ್ಚುವುದನ್ನು ಕಲಿತೆ. ಆ ಡಬ್ಬಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಪೆಟ್ಟಿಗೆಯಲ್ಲಿ ಇಡಬಾರದು. ಒತ್ತಡದ ಅನಿಲ ತುಂಬಿದ, ಬೆಂಕಿ ಹತ್ತುವ ವಸ್ತು ಅದು.

ಡಿಸೆಂಬರ್ ಕೊನೆಯಲ್ಲಿ ಮಗಳು ಹುಟ್ಟಿದಳು. ಅವಳು ಮನೆಗೆ ಬಂದ ಮೇಲೆ ಇನ್ನೊಂದು ಎಚ್ಚರ ಸೇರಿತು. ತಂದೆಯ ತಲೆಗೆ ಹಚ್ಚಿದ ಮಿನಾಕ್ಸಿಡಿಲ್ ತಾಗಿ ಎಳೆ ಮಕ್ಕಳ ಮೈಮೇಲೆ ದಟ್ಟ ಕೂದಲು ಬೆಳೆದ ಪ್ರಕರಣಗಳು ಯುರೋಪಿನಲ್ಲಿ ವರದಿಯಾಗಿವೆ. ತಾಗುವುದು ನಿಂತ ಮೇಲೆ ಆ ಕೂದಲು ಹೋಯಿತಂತೆ. ಆದರೂ ನನಗೆ ಮನಸ್ಸು ತಡೆಯಲಿಲ್ಲ. ರಾತ್ರಿ ಎಂಟಕ್ಕೇ ಹಚ್ಚಿ, ಪೂರ್ತಿ ಒಣಗಿದ ಮೇಲೆಯೂ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡು ಅವಳನ್ನು ಎತ್ತಿಕೊಳ್ಳುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತೇನೆ.

2023ರ ಫೆಬ್ರುವರಿ 10ರಂದು ಫಿನಾಸ್ಟರೈಡ್ 1 ಮಿಲಿಗ್ರಾಂ ಸೇರಿತು. ಈ ಮಾತ್ರೆಯ ಬಗ್ಗೆ ಗಂಡಸರು ಪಿಸುಮಾತಿನಲ್ಲಿ ಆಡುವ ಭಯ ನನಗೂ ಇತ್ತು. ಡಾಕ್ಟರಮ್ಮ ಮೊದಲು ಒಂದು ಕಥೆ ಹೇಳಿದರು. ಡೊಮಿನಿಕನ್ ಗಣರಾಜ್ಯದಲ್ಲಿ, ಈ ಮಾತ್ರೆ ತಡೆಯುವ ಕಿಣ್ವದ ಕೊರತೆಯಿಂದಲೇ ಹುಟ್ಟಿದ ಕೆಲವು ಕುಟುಂಬಗಳ ಬಗ್ಗೆ 1974ರಲ್ಲಿ ಒಂದು ವರದಿ ಪ್ರಕಟವಾಯಿತು. ಆ ಗಂಡಸರ ಪ್ರಾಸ್ಟೇಟ್ ಸಣ್ಣದಾಗಿಯೇ ಉಳಿದಿತ್ತು, ಅವರಿಗೆ ಬೋಳುತನ ಬಂದಿರಲಿಲ್ಲ. ಈ ಔಷಧಿಯ ಯೋಚನೆ ಬಲಗೊಂಡದ್ದು ಅಲ್ಲಿಂದ. ಆಮೇಲೆ ತೊಂದರೆಗಳನ್ನು ಒಂದೂ ಬಿಡದೆ ಹೇಳಿದರು: ಕಾಮಾಸಕ್ತಿ ಇಳಿಯುವುದು, ನಿಮಿರುವಿಕೆ ಕಡಿಮೆಯಾಗುವುದು, ವೀರ್ಯದ ಪ್ರಮಾಣ ಇಳಿಯುವುದು. ಮೊದಲ ಪರೀಕ್ಷೆಗಳಲ್ಲಿ ಇವು ಕಂಡದ್ದು ನೂರರಲ್ಲಿ ಒಬ್ಬಿಬ್ಬರಿಗೆ, ಬಹುತೇಕರಿಗೆ ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ, ಕೆಲವರು ನಿಲ್ಲಿಸಿದ ಮೇಲೂ ತೊಂದರೆ ಉಳಿಯಿತು ಎಂದು ಹೇಳಿದ್ದಾರೆ. ಮನಸ್ಸು ಕುಗ್ಗುವುದು, ಸಾಯುವ ಯೋಚನೆ ಬರುವುದು ಕೂಡ ಎಚ್ಚರಿಕೆಯ ಪಟ್ಟಿಯಲ್ಲಿದೆ. “ಹಿಂದೆ ಯಾವಾಗಲಾದರೂ ಖಿನ್ನತೆಗೆ ಔಷಧಿ ತೆಗೆದುಕೊಂಡಿದ್ದೀರಾ? ನಿಮ್ಮ ಮನೆಯವರಿಗೂ ಇದನ್ನು ಹೇಳಿಡಿ, ನಿಮಗೆ ಗೊತ್ತಾಗದ ಬದಲಾವಣೆ ಅವರಿಗೆ ಗೊತ್ತಾಗುತ್ತದೆ” ಎಂದರು. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅದನ್ನು ಹೇಳುವುದು ನನಗೆ ಮಾತ್ರೆ ನುಂಗುವುದಕ್ಕಿಂತ ಕಷ್ಟವಾಯಿತು, ಆದರೆ ಮುಂದೆ ಕೈ ಹಿಡಿದದ್ದು ಅದೇ.

ಏಳನೇ ವಾರದ ಹೊತ್ತಿಗೆ ಆಸಕ್ತಿ ನಿಜವಾಗಿಯೂ ಇಳಿಯಿತು. ಅದೇ ದಿನಗಳಲ್ಲಿ ಅಂಗಡಿಯ ಉದ್ದರಿ ವಸೂಲಾಗದೆ ಕಂಪನಿಯವರ ಫೋನ್‌ಗಳು ಬರುತ್ತಿದ್ದವು, ಮಗು ರಾತ್ರಿಯಿಡೀ ನಿದ್ದೆ ಕೆಡಿಸುತ್ತಿತ್ತು. ಮಾತ್ರೆಯೋ, ಸಾಲವೋ, ನಿದ್ದೆಯೋ? ಹೆಂಡತಿ ಒಂದು ಮಾತು ಹೇಳಿದಳು: “ನಿದ್ದೆ ಜನವರಿಯಿಂದಲೇ ಇಲ್ಲ, ಸಾಲ ಪ್ರತಿ ವರ್ಷ ಈ ಹೊತ್ತಿಗೆ ಇರುತ್ತದೆ. ಹೊಸದಾಗಿ ಬಂದದ್ದು ಮಾತ್ರೆ ಒಂದೇ.” ನೋಟ್‌ಬುಕ್ಕಿನಲ್ಲಿ ದಿನಾಂಕಗಳಿದ್ದವು. ಅದನ್ನು ಹಿಡಿದು ಬಳ್ಳಾರಿಗೆ ಹೋದೆ. ಡಾಕ್ಟರಮ್ಮ ಮೂರು ವಾರ ಮಾತ್ರೆ ನಿಲ್ಲಿಸಿದರು, ಮಿನಾಕ್ಸಿಡಿಲ್ ಮುಂದುವರಿಯಿತು. ಎರಡನೆಯ ವಾರದಲ್ಲಿಯೇ ಸರಿಹೋಯಿತು. ಆಮೇಲೆ ದಿನ ಬಿಟ್ಟು ದಿನ ಶುರು ಮಾಡಿಸಿದರು. ಈ ಔಷಧಿಯ ಗುಣ ವಿಚಿತ್ರ. ಪ್ರಮಾಣವನ್ನು 1 ಮಿಲಿಗ್ರಾಂನಿಂದ 0.2ಕ್ಕೆ ಇಳಿಸಿದರೂ ಡಿಎಚ್‌ಟಿ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದ್ದರಿಂದ ಕಡಿಮೆ ಮಾಡಿ ನೋಡಲು ಜಾಗವಿದೆ ಎಂದರು. ದಿನ ಬಿಟ್ಟು ದಿನದ ಪದ್ಧತಿಯಲ್ಲಿ ಆ ತೊಂದರೆ ಮರಳಿ ಬರಲಿಲ್ಲ. ಇದು ನನ್ನ ದೇಹಕ್ಕೆ ನನ್ನ ವೈದ್ಯರು ಹಾಕಿದ ಲೆಕ್ಕ. ಇನ್ನೊಬ್ಬರು ಇದನ್ನು ನೋಡಿ ತಾವೇ ಪ್ರಮಾಣ ಬದಲಿಸಬಾರದು.

ಶಾಂಪೂ ವಿಷಯ ಚಿಕ್ಕದು. ಜೂನ್‌ನಲ್ಲಿ ತಲೆಹೊಟ್ಟು ಹೆಚ್ಚಾದಾಗ ಕೀಟೊಕೊನಜೋಲ್ 2% ಬರೆದರು, ವಾರಕ್ಕೆ ಎರಡು ಸಲ, ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆಯುವುದು. ಹೊಟ್ಟು ಹೋಯಿತು. ಕೂದಲಿಗೂ ಸ್ವಲ್ಪ ಸಹಾಯವಾಗಬಹುದು ಎನ್ನುತ್ತಾರೆ, ನನ್ನ ಎಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಫೋಟೊ ತೆಗೆಯುವ ಜಾಗವನ್ನು ಗಟ್ಟಿ ಮಾಡಿದ್ದು ಬಹಳ ಉಪಯೋಗಕ್ಕೆ ಬಂತು. ಗೋದಾಮಿನ ಉತ್ತರದ ಬಾಗಿಲ ಹತ್ತಿರ ನೆಲದ ಮೇಲೆ ಪೇಂಟಿನಿಂದ ಎರಡು ಪಾದದ ಗುರುತು ಹಾಕಿದ್ದೇನೆ. ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ ಹನ್ನೊಂದಕ್ಕೆ, ಕೂದಲು ಒದ್ದೆ ಮಾಡಿ, ಅದೇ ಗುರುತಿನ ಮೇಲೆ ನಿಲ್ಲುತ್ತೇನೆ. ಅಣ್ಣನ ಮಗ ಸ್ಟೂಲಿನ ಮೇಲೆ ಹತ್ತಿ ನೆತ್ತಿ, ಹಣೆ, ಎರಡು ಪಕ್ಕ, ನಾಲ್ಕು ಫೋಟೊ ತೆಗೆಯುತ್ತಾನೆ. ಕನ್ನಡಿ ದಿನಕ್ಕೊಂದು ಮಾತು ಹೇಳುತ್ತದೆ. ಬೆಳಕು ಬದಲಾದರೆ ತಲೆಯೇ ಬದಲಾದಂತೆ ಕಾಣುತ್ತದೆ. 2022ರ ನವೆಂಬರ್‌ನ ಫೋಟೊದಲ್ಲಿ ಏನೂ ಇಲ್ಲ. 2023ರ ಫೆಬ್ರುವರಿಯಲ್ಲಿ ನೆತ್ತಿಯ ಅಂಚಿನಲ್ಲಿ ಮಗುವಿನ ಕೂದಲಿನಂಥ ಎಳೆಗಳು. ನವೆಂಬರ್‌ಗೆ ಅವು ಕಪ್ಪಾಗಿ ದಪ್ಪವಾಗಿದ್ದವು. 2024ರ ಫೆಬ್ರುವರಿಗೆ ನೆತ್ತಿಯ ಬಿಳಿ ಚರ್ಮ ಒದ್ದೆ ಕೂದಲಿನಲ್ಲೂ ಕಾಣುತ್ತಿರಲಿಲ್ಲ. ಹಣೆಯ ಮೂಲೆಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಇವೆ, ಎಡಗಡೆ ಕಾಲು ಇಂಚಿನಷ್ಟು ತೆಳುವಾಗಿ ತುಂಬಿದೆ. ಅಲ್ಲಿ ಇದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ ಎಂದು ಮೊದಲ ದಿನವೇ ಹೇಳಿದ್ದರು.

ಅಷ್ಟು ಬಂದ ಮೇಲೆ ಆಸೆ ಹೆಚ್ಚಿತು. ಡುಟಾಸ್ಟರೈಡ್ ಎಂಬ ಇನ್ನೂ ಬಲವಾದ ಔಷಧಿಯ ಬಗ್ಗೆ ಕೇಳಿದೆ. ಅದು ಕಿಣ್ವದ ಎರಡೂ ಬಗೆಗಳನ್ನು ತಡೆದು ಡಿಎಚ್‌ಟಿಯನ್ನು 90%ಕ್ಕಿಂತ ಹೆಚ್ಚು ಇಳಿಸುತ್ತದೆ. ದಕ್ಷಿಣ ಕೊರಿಯದಲ್ಲಿ 2009ರಲ್ಲಿ, ಜಪಾನಿನಲ್ಲಿ 2015ರಲ್ಲಿ ಕೂದಲಿಗೆ ಒಪ್ಪಿಗೆ ಪಡೆದಿದೆ. ಡಾಕ್ಟರಮ್ಮ ಬೇಡ ಎಂದರು. ಫಿನಾಸ್ಟರೈಡ್ ಕೆಲವು ಗಂಟೆಗಳಲ್ಲಿ ರಕ್ತದಿಂದ ಅರ್ಧಕ್ಕೆ ಇಳಿಯುತ್ತದೆ, ಡುಟಾಸ್ಟರೈಡ್ ಹಾಗೆ ಇಳಿಯಲು ಸುಮಾರು ಐದು ವಾರ ಬೇಕು. ಒಮ್ಮೆ ತೊಂದರೆ ಕಂಡವನಿಗೆ ಬೇಗ ಹೊರಬೀಳಲಾಗದ ಔಷಧಿ ಕೊಡುವುದಿಲ್ಲ ಎಂಬುದು ಅವರ ಮಾತು. ನನಗೆ ಇನ್ನೊಂದು ಕಾರಣವೂ ಇತ್ತು. ನಾನು ರಕ್ತದಾನ ಮಾಡುತ್ತಿದ್ದವನು. ಫಿನಾಸ್ಟರೈಡ್ ನಿಲ್ಲಿಸಿ ಒಂದು ತಿಂಗಳು ರಕ್ತ ಕೊಡಬಾರದು, ಡುಟಾಸ್ಟರೈಡ್ ಆದರೆ ಆರು ತಿಂಗಳು. ಆ ರಕ್ತ ಬಸುರಿಗೆ ಹೋದರೆ ಎಂಬ ಭಯಕ್ಕೆ ಮಾಡಿದ ನಿಯಮ ಅದು. ಈಗಲೇ ಶಿಬಿರಗಳಲ್ಲಿ ಕೈಕಟ್ಟಿ ನಿಲ್ಲಬೇಕಾಗಿರುವುದು ನನಗೆ ನೋವಿನ ವಿಷಯ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಹೊಳೆಗೆ ಹರಿಯುತ್ತಿತ್ತು. ನಾಟಿ ಮಾಡಿದ ರೈತರು, ಮಾಡಬೇಕಾದವರು, ಎಲ್ಲರೂ ಬೆಳಗಿನ ಜಾವದಿಂದ ಅಂಗಡಿಯ ಮುಂದೆ ಇರುತ್ತಿದ್ದರು. ಹನ್ನೆರಡು ದಿನ ನಾನು ಬೆಳಗಿನ ಸರತಿಯನ್ನೂ ಬಿಟ್ಟೆ, ಎಷ್ಟೋ ರಾತ್ರಿ ಮಾತ್ರೆಯನ್ನೂ ಮರೆತೆ. ಎಣಿಕೆ 14ರಿಂದ 19ಕ್ಕೆ ಏರಿ, ಎರಡು ತಿಂಗಳಿಗೆ ಮರಳಿ ಇಳಿಯಿತು. ಹನ್ನೆರಡು ದಿನದಿಂದ ಏನೂ ಆಗುವುದಿಲ್ಲವಂತೆ. ಆದರೆ ಪೂರ್ತಿ ಬಿಟ್ಟರೆ ಬಂದದ್ದೆಲ್ಲ ಕೆಲವೇ ತಿಂಗಳಲ್ಲಿ ಹೋಗುತ್ತದೆ. ನನ್ನ ಚಿಕ್ಕಪ್ಪನ ಮಗ ಮದುವೆಯಾದ ಮೇಲೆ ಎರಡನ್ನೂ ಬಿಟ್ಟ, ಒಂದು ವರ್ಷದೊಳಗೆ ಶುರು ಮಾಡಿದಲ್ಲಿಗೇ ಬಂದ. ತಿಂಗಳಿಗೆ ಒಂದು ಸಾವಿರ ರೂಪಾಯಿಯ ಆಸುಪಾಸು ನನ್ನ ಖರ್ಚು. ವರ್ಷಗಟ್ಟಲೆ ಇದನ್ನು ಹೊರಲು ಆಗುತ್ತದೆಯೇ ಎಂಬುದನ್ನು ಶುರು ಮಾಡುವ ಮೊದಲೇ ಲೆಕ್ಕ ಹಾಕಬೇಕು. ತಲೆ ಬೋಳಿಸಿಕೊಂಡು ನೆಮ್ಮದಿಯಾಗಿರುವ ಗೆಳೆಯರು ನನಗಿದ್ದಾರೆ, ಅವರ ನಿರ್ಧಾರವೂ ನನ್ನದರಷ್ಟೇ ಸರಿಯಾದದ್ದು.

ಕಳೆದ ತಿಂಗಳು ಸಿದ್ದಾಪುರದ ಕಡೆಯ ಗಿರಾಕಿಯೊಬ್ಬರ ಮಗ, ಇಪ್ಪತ್ತನಾಲ್ಕರ ಹುಡುಗ, ಯೂರಿಯಾ ಒಯ್ಯಲು ಬಂದವನು ಜನ ಕಡಿಮೆಯಾಗುವವರೆಗೆ ಕಾದು ಟೋಪಿ ತೆಗೆದ. “ಕಾಕಾ, ನಾನೂ ಶುರು ಮಾಡಿದ್ದೇನೆ, ಆದರೆ ಕೂದಲು ಇನ್ನೂ ಹೆಚ್ಚು ಉದುರುತ್ತಿದೆ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ” ಎಂದ. ಏನೇನು ತೆಗೆದುಕೊಳ್ಳುತ್ತಿದ್ದಾನೆ ಎಂದರೆ ಬಾಟಲಿಯ ಬಣ್ಣ ಹೇಳುತ್ತಾನೆ, ಹೆಸರು ಗೊತ್ತಿಲ್ಲ. ಮರುದಿನ ಎಲ್ಲವನ್ನೂ ತರಿಸಿದೆ. ಗಲ್ಲಾದ ಮೇಲೆ ಸಾಲಾಗಿ ಇಟ್ಟು, ಹಾಳೆಗಳನ್ನು ಮಗುಚಿ, ಸಣ್ಣ ಅಕ್ಷರವನ್ನು ಅವನಿಂದಲೇ ಓದಿಸಿದೆ. ಬಾಟಲಿಯ ಮೇಲಿದ್ದ ಹೆಸರೇ ಮೂರನೆಯ ಹಾಳೆಯ ಮೇಲೆಯೂ ಇತ್ತು. ಅವನು ಎರಡನ್ನೂ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಓದಿದ. ಯಾವುದನ್ನು ಬಿಡಬೇಕು ಎಂದು ನಾನು ಹೇಳಲಿಲ್ಲ, ಅದು ನನ್ನ ಕೆಲಸವಲ್ಲ. ನಾಳೆಯೇ ಡಾಕ್ಟರಿಗೆ ತೋರಿಸು ಎಂದೆ. ಗೊಬ್ಬರದ ಬಿಲ್ಲಿನ ಹಿಂದೆ ಔಷಧಿಗಳ ಹೆಸರು ಬರೆದುಕೊಟ್ಟು, ಒಂದೊಂದರ ಮುಂದೆಯೂ ಶುರು ಮಾಡಿದ ದಿನಾಂಕ ಬರೆ ಎಂದೆ. ಅವನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ನಾಲ್ಕರ ಮುಂದೆಯೂ ಒಂದೇ ದಿನಾಂಕ ಬರೆದ.